ನಾಲ್ಕು ರನ್ ಉಳಿಸಿದ ಪಾಪ

ಕ್ರಿಕೆಟ್ ನೋಡಿ ಬೆಳೆದವನನ್ನು ರಗ್ಬಿ ಲೀಗ್ ಆಡಲು ಕರೆಯಬಾರದು. ಸಿಡ್ನಿಯ ನನ್ನ ಸಹೋದ್ಯೋಗಿಗಳಿಗೆ ಈ ಸತ್ಯ ತಿಳಿದಿರಲಿಲ್ಲ. ಪಾರ್ಕಿನ ಆಟಕ್ಕೆ ಹದಿಮೂರನೆಯವನು ಸಿಗದೆ ನನ್ನನ್ನು ಎಳೆದೊಯ್ದು, ಎಲ್ಲರಿಗಿಂತ ಹಿಂದೆ ಫುಲ್‌ಬ್ಯಾಕ್ ಎಂದು ನಿಲ್ಲಿಸಿದರು. ಹಿಂದೆ ನಿಂತವನಿಗೆ ಕೆಲಸ ಕಡಿಮೆ ಎಂಬ ನನ್ನ ನಂಬಿಕೆ ಆಫೀಸಿನಲ್ಲಿ ಮಾತ್ರ ನಿಜ.

ಈ ಆಟದಲ್ಲಿ ಒಂದು ಸರದಿಗೆ ಆರೇ ಟ್ಯಾಕಲ್. ಆರನೆಯ ಸಲ ಕೆಡವಿದರೆ ಚೆಂಡು ಎದುರಾಳಿಯದು. ಅದಕ್ಕೇ ಐದು ಮುಗಿದೊಡನೆ ಒದ್ದುಬಿಡುತ್ತಾರೆ. ಗೋಲ್ ಗೆರೆ ಹತ್ತಿರವಿದ್ದರೆ ನೆಲ ಸವರಿಕೊಂಡು ಹೋಗುವ ಗ್ರಬ್ಬರ್. ಚೆಂಡು ಮೊಟ್ಟೆಯಾಕಾರದ್ದು, ಎತ್ತ ಪುಟಿಯುವುದೋ ಒದ್ದವನಿಗೂ ಗೊತ್ತಿರುವುದಿಲ್ಲ.

ಅಂಥದೊಂದು ಗ್ರಬ್ಬರ್ ಗೋಲ್ ಗೆರೆಯಾಚೆಯ ಇನ್-ಗೋಲಿಗೆ ನುಗ್ಗಿ, ಅದರ ಹಿಂದಿನ ಡೆಡ್-ಬಾಲ್ ಗೆರೆಯತ್ತ ಉರುಳಿತು. ನನ್ನೊಳಗಿನ ಫೀಲ್ಡರ್ ಎಚ್ಚೆತ್ತ. ಓಡಿದೆ, ಹಾರಿದೆ, ಗೆರೆ ಇನ್ನೊಂದು ಗೇಣು ಇರುವಾಗ ಚೆಂಡನ್ನು ಅವುಚಿಕೊಂಡು ಬೋರಲು ಬಿದ್ದೆ. ಮೊಣಕೈ ತರಚಿ ರಕ್ತ. ನಾಲ್ಕು ರನ್ ಉಳಿಸಿದ ಗತ್ತಿನಲ್ಲಿ ತಲೆಯೆತ್ತಿದರೆ, ಚಪ್ಪಾಳೆ ತಟ್ಟುತ್ತಿದ್ದವರು ಎದುರಾಳಿಗಳು.

"ಬಿಟ್ಟುಬಿಡಬೇಕಿತ್ತು, ಮೇಟ್" ಎಂದ ಕ್ಯಾಪ್ಟನ್, ಸತ್ತ ಮನೆಯ ದನಿಯಲ್ಲಿ.

ಬಿಟ್ಟಿದ್ದರೆ ಚೆಂಡು ನಮ್ಮದಾಗುತ್ತಿತ್ತು, 20 ಮೀಟರ್ ಗೆರೆಯಿಂದ, ಅದೂ ಏಳು ಟ್ಯಾಕಲ್ ಸಮೇತ. ಒಳ್ಳೆಯ ಫುಲ್‌ಬ್ಯಾಕ್‌ಗೆ ಚೆಂಡು ಸಿಗದಿರಲೆಂದು ಬೇಕೆಂದೇ ಹಿಂದಿನ ಗೆರೆ ದಾಟಿಸಿ ಒದೆಯುತ್ತಿದ್ದವರನ್ನು ತಡೆಯಲು ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಆರ್‌ಎಲ್ 2014ರಲ್ಲಿ ತಂದ ನಿಯಮವಿದು. ಎಲ್ಲ ಫುಲ್‌ಬ್ಯಾಕ್‌ಗಳೂ ನನ್ನಂತಿದ್ದಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಇನ್-ಗೋಲಿನಲ್ಲಿ ಚೆಂಡನ್ನು ನೆಲಕ್ಕೊತ್ತಿದ್ದರಿಂದ ಈಗ ಡ್ರಾಪ್-ಔಟ್: ಗೋಲ್ ಗೆರೆಯಿಂದ ಚೆಂಡನ್ನು ನಾವೇ ಅವರಿಗೆ ಒದ್ದುಕೊಡಬೇಕು, ಅವರಿಗೆ ಮತ್ತೆ ಆರು ಟ್ಯಾಕಲ್.

ಮಾಡಿದ್ದುಣ್ಣೋ ಮಹರಾಯ ಎಂದು ಒದೆಯುವ ಕೆಲಸವೂ ನನಗೇ ಬಿತ್ತು. ಕೈಬಿಟ್ಟ ಚೆಂಡು ನೆಲ ಮುಟ್ಟಿ ಏಳುತ್ತಿರುವಾಗಲೇ ಒದೆಯಬೇಕು, 10 ಮೀಟರಾದರೂ ಹೋಗಬೇಕು. ನನ್ನ ಒದೆತ ಹತ್ತು ಮೀಟರ್ ಹೋಯಿತು, ಅಳತೆ ಹಿಡಿದಂತೆ. ಅಲ್ಲಿ ನಿಂತಿದ್ದವನು ಅವರ ತಂಡದ ಅತಿ ದಪ್ಪ ಆಸಾಮಿ. ಹಿಡಿದ, ಓಡಿಬಂದ, ನನ್ನ ಮೇಲಿಂದಲೇ ಹಾದು ಗೆರೆಯಾಚೆ ಚೆಂಡನ್ನು ಊರಿದ. ಟ್ರೈ. ಅದಕ್ಕೆ ಅಂಕ ನಾಲ್ಕು.

ಕ್ರಿಕೆಟಿನಿಂದ ಬಂದ ಓದುಗರಲ್ಲಿ ಒಂದು ವಿನಂತಿ: ಚೆಂಡು ತಾನಾಗಿ ಡೆಡ್-ಬಾಲ್ ಗೆರೆ ದಾಟುವಂತಿದ್ದರೆ ಕೈಕಟ್ಟಿ ನಿಲ್ಲಿ. ಎದುರಾಳಿ ಅದರ ಮೇಲೆ ಬೀಳುವಂತಿದ್ದರೆ ಮಾತ್ರ ನೀವು ಮೊದಲು ಬೀಳಿ.