ಮಲಗಿದರೆ ಬೆಳೆದಂತೆ

ಮೌಲ್ಯಮಾಪನಾಧಿಕಾರಿ: ಬೆಳವಣಿಗೆ ಕುಂಠಿತವಾದ ಮಕ್ಕಳು ಎಷ್ಟು ಕಡಿಮೆಯಾದ್ರಮ್ಮ?

ಅಂಗನವಾಡಿ ಟೀಚರ್: ಮೂವರು ಸಾರ್. ಆರು ತುಂಬಿ ಶಾಲೆಗೆ ಹೋದ್ರು.

ಅಧಿಕಾರಿ: ಭೇಷ್! ಯೋಜನೆಯ ಫಲ ಅಂತ ಬರ್ಕೊಳ್ತೀನಿ.

ಟೀಚರ್: ಯೋಜನೆ ಇಲ್ಲದ ಪಕ್ಕದೂರಲ್ಲೂ ಅಷ್ಟೇ ಇಳಿದಿದೆಯಲ್ಲ?

ಅಧಿಕಾರಿ: ಪಕ್ಕದೂರಿಗೆ ನಮಗೆ ಟಿ.ಎ. ಕೊಡಲ್ಲ.

ಟೀಚರ್: ರಾಜ್ಯದಲ್ಲೇ ನಾಲ್ಕನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 36.2 ಇದ್ದದ್ದು ಐದನೆಯದರಲ್ಲಿ 35.4. ಇದೇನು ಇಳಿಕೆ ಸಾರ್?

ಅಧಿಕಾರಿ: ವರದಿಯಲ್ಲಿ ‘ಆಶಾದಾಯಕ’ ಅಂತೀವಿ. (ಪುಟ್ಟಿ ಅಳುತ್ತಾ ಅಳತೆ ಹಲಗೆಯ ಮೇಲೆ ಕಾಲು ಮಡಚಿಕೊಂಡಳು, ಇಬ್ಬರು ಹಿಡಿದರೂ ಮಂಡಿ ನೆಟ್ಟಗಾಗಲಿಲ್ಲ.) ಇವಳನ್ನ ಮಲಗಿಸಿದ್ದೇಕೆ?

ಟೀಚರ್: ಎರಡು ವರ್ಷದೊಳಗಿನವರನ್ನ ಮಲಗಿಸಬೇಕು, ದೊಡ್ಡವರನ್ನ ನಿಲ್ಲಿಸಬೇಕು. ನಿಂತರೆ ಸುಮಾರು 0.7 ಸೆಂ.ಮೀ. ಕಮ್ಮಿ ಬರುತ್ತೆ.

ಅಧಿಕಾರಿ: ಮೊದಲೇ ಹೇಳಬಾರ್ದೇನಮ್ಮ? ಎಲ್ಲರನ್ನೂ ಮಲಗಿಸಿ!