ಗುಣಿಸಿ ನೋಡಿದ್ರಾ?

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೊಪ್ಪಿನವಳು ಐದು ರೂಪಾಯಿ ಜಾಸ್ತಿ ಹೇಳಿದ್ರೆ ಮೂರು ಸಲ ಕೂಡಿ ಕಳೀತೀರಿ. ಬೆಳಗ್ಗೆ ಬಂದ ವಾಟ್ಸಾಪ್ ಫಾರ್ವರ್ಡನ್ನ ಒಂದು ಸಲವಾದ್ರೂ ಪರೀಕ್ಷೆ ಮಾಡಿದ್ದುಂಟಾ? (ಹಲ್ಲುಜ್ಜೋ ಮುಂಚೆ ಇಪ್ಪತ್ತು ಜನಕ್ಕೆ ಕಳಿಸಿ ಆಗಿರುತ್ತೆ, ನಂಗೊತ್ತಿಲ್ವಾ?)

ಚಿಂತೆ ಬೇಡ, ಗಣಿತದವರೂ ನಿಮ್ಮ ಪೈಕೀನೇ. ಅವಿಭಾಜ್ಯ ಸಂಖ್ಯೆ ನೆನಪಿದೆ ತಾನೆ? 7, 13, 17, ಹೀಗೆ ಸಮಪಾಲಿಗೆ ಬಗ್ಗದ ಜಾತಿ. (ಹದಿಮೂರು ಕೋಡುಬಳೆ ತಂದು ಇಬ್ಬರೋ ಮೂವರೋ ನಾಲ್ವರೋ ಮಕ್ಕಳ ಮುಂದೆ ಇಡಿ, ತಾನಾಗೇ ಅರ್ಥವಾಗುತ್ತೆ.) ಎರಡನ್ನ 67 ಸಲ ಬರೆದು ಗುಣಿಸಿ ಒಂದು ಕಳೆದ್ರೆ ಬರೋದೂ ಇದೇ ಜಾತಿ ಅಂತ 1644ರಲ್ಲಿ ಫ್ರಾನ್ಸಿನ ಮರ್ಸೆನ್ ಅನ್ನೋ ಸನ್ಯಾಸಿ ಪಟ್ಟಿ ಹಾಕಿಬಿಟ್ಟ.

ಸಂಖ್ಯೆ ನೋಡಿ: 147573952589676412927. ಯಾರು ಒಡೆದು ನೋಡ್ತಾರೆ? ಸನ್ಯಾಸಿಗಳು ಹೇಳಿದ್ಮೇಲೆ ಇರುತ್ತೆ ಬಿಡಿ! ಇನ್ನೂರು ವರ್ಷ ದಾಟಿದ ಮೇಲೆ, 1876ರಲ್ಲಿ, ಇದು ಒಡೆಯೋ ಸಂಖ್ಯೇನೇ ಅಂತ ಗಣಿತಜ್ಞ ಎದುವಾರ್ ಲ್ಯೂಕಾ ತೋರಿಸಿದ. ಆದ್ರೆ ಪಾಲು ಎಷ್ಟೆಷ್ಟು? ಸಿಗಲಿಲ್ಲ. ಮನೆ ಒಡೆದ ಸುದ್ದಿ ಊರಿಗೆಲ್ಲ ಗೊತ್ತು, ಯಾರಿಗೆ ಯಾವ ಗದ್ದೆ ಅನ್ನೋದು ಮಾತ್ರ ಗೊತ್ತಿಲ್ಲ, ಹಂಗೆ.

1903ರ ಅಕ್ಟೋಬರ್, ನ್ಯೂಯಾರ್ಕ್. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ. ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬೋರ್ಡಿನ ಹತ್ರ ಹೋದರು. ಮಾತಿಲ್ಲ, ಕತೆಯಿಲ್ಲ. ("ಹಲೋ, ಹಲೋ, ಮೈಕ್ ಟೆಸ್ಟಿಂಗ್" ಕೂಡ ಇಲ್ಲ. ನೀವಾಗಿದ್ರೆ ವೇದಿಕೆ ಮೇಲಿನ ಗಣ್ಯರ ಹೆಸರು ಹೇಳೋಕೇ ಅರ್ಧ ಗಂಟೆ.) ಒಂದು ಕಡೆ ಸನ್ಯಾಸಿಯ ಸಂಖ್ಯೆ ಬಿಡಿಸಿ ಬರೆದರು. ಇನ್ನೊಂದು ಕಡೆ 193707721 ಮತ್ತು 761838257287, ಇವೆರಡನ್ನ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ! ತುಟಿ ಬಿಚ್ಚದೆ ಬಂದು ಕೂತರು. ಸಭೆ ಎದ್ದು ಚಪ್ಪಾಳೆ ತಟ್ಟಿತು ಅಂತ ಕತೆ.

ಎಷ್ಟು ದಿನ ಹಿಡೀತು ಸಾರ್ ಅಂದ್ರೆ, ಮೂರು ವರ್ಷದ ಭಾನುವಾರಗಳು ಅಂದರಂತೆ. (ನಿಮ್ಮ ಭಾನುವಾರಗಳ ಲೆಕ್ಕ ನಾನು ಕೇಳಲ್ಲ. ಸೋಫಾದ ಗುಳಿ ನೋಡಿದ್ರೆ ಗೊತ್ತಾಗುತ್ತೆ.)

ಈಗ ಆ ದುಡಿಮೆ ಕಂಪ್ಯೂಟರಿಗೆ. 2024ರಲ್ಲಿ ಸಿಕ್ಕಿದ ಮರ್ಸೆನ್ ಅವಿಭಾಜ್ಯಕ್ಕೆ (ಅಂದ್ರೆ ಹೀಗೇ ಎರಡನ್ನ ಗುಣಿಸಿ ಒಂದು ಕಳೆದಾಗ ಬರೋ ಅವಿಭಾಜ್ಯಕ್ಕೆ) 4,10,24,320 ಅಂಕೆಗಳು. ಪುಟಕ್ಕೆ 3,000ದಂತೆ ಅಚ್ಚು ಹಾಕಿದ್ರೂ 13,000 ಪುಟ ದಾಟುತ್ತೆ. ಅಬ್ಬಾ ಅಂದ್ರಿ ಅಲ್ವಾ? ನಾನು ಭಾಗಿಸಿದ್ದು ಸರಿಯಾ ಅಂತ ಮಾತ್ರ ಕೇಳಲಿಲ್ಲ.

ಅದು ಹೋಗ್ಲಿ, ಕೋಲ್ ಅವರ ಗುಣಾಕಾರ ಕೊಟ್ಟಿದ್ನಲ್ಲ, ಗುಣಿಸಿ ನೋಡಿದ್ರಾ? (ಈಗ ಕಣ್ಣು ಮೇಲಕ್ಕೆ ಓಡ್ತು, ನೋಡಿದೆ.) ಏಳೊಂದ್ಲ ಏಳು, ಕೊನೆ ಅಂಕೆ ಸರಿಹೋಯ್ತು ಅಂತ ತಲೆ ಆಡಿಸ್ತಿದ್ದೀರಿ. ಇನ್ನೂ ಇಪ್ಪತ್ತು ಅಂಕೆ ಬಾಕಿ ಇದೆ ಸ್ವಾಮಿ. ಭಾನುವಾರ ಬರ್ತಾ ಇದೆ.