ಯಾವ ಸರ್ಕಾರದ ಗುಂಡು?

ಗೋಲಿಬಾರ್‌ನಲ್ಲಿ ಜನ ಸತ್ತ ದಿನ ನಮ್ಮ ರಾಜಕಾರಣಕ್ಕೆ ಎರಡೇ ಹೇಳಿಕೆ ಸಾಕು. ಆಡಳಿತ ಪಕ್ಷದ್ದು: ‘ಪರಿಸ್ಥಿತಿ ಕೈಮೀರಿದ್ದರಿಂದ ಅನಿವಾರ್ಯವಾಗಿ ಗುಂಡು ಹಾರಿಸಬೇಕಾಯಿತು, ಇದರ ಹಿಂದೆ ಕಾಣದ ಕೈಗಳಿವೆ, ಸಾವಿನಲ್ಲಿ ಯಾರೂ ರಾಜಕೀಯ ಮಾಡಬಾರದು.’ ವಿರೋಧ ಪಕ್ಷದ್ದು: ‘ಇದು ಕೊಲೆಗಡುಕ ಸರ್ಕಾರ, ಗೃಹ ಸಚಿವರು ರಾಜೀನಾಮೆ ಬಿಸಾಕಲಿ, ನ್ಯಾಯಾಂಗ ತನಿಖೆಯಾಗಲಿ.’ ಮೂಲ ಲೇಖಕರು ಯಾರೋ, ಮಾಲು ಮಾತ್ರ ಗಟ್ಟಿ. ಚುನಾವಣೆಯಲ್ಲಿ ಸೋತವರು ಸರ್ಕಾರಿ ಬಂಗಲೆ ಬಿಡುವಾಗ ಮೊದಲನೆಯದನ್ನು ಮೇಜಿನ ಮೇಲಿಟ್ಟು ಹೊರಡುತ್ತಾರೆ, ಗೆದ್ದವರು ಎರಡನೆಯದನ್ನು ಬಾಗಿಲಲ್ಲೇ ಅವರ ಕೈಗಿಟ್ಟು ಒಳಗೆ ಬರುತ್ತಾರೆ. ವಿಕ್ರಮಾದಿತ್ಯನ ಸಿಂಹಾಸನ ಹೂತಿದ್ದ ದಿಬ್ಬದ ಮೇಲೆ ಕೂತರೆ ದನ ಕಾಯುವವನೂ ನ್ಯಾಯ ಹೇಳುತ್ತಿದ್ದನಂತೆ. ವಿಧಾನಸೌಧದ ದಿಬ್ಬದ ಮಹಿಮೆ ಉಲ್ಟಾ. ಕೂತವರಿಗೆ ಕಣ್ಣು ಮಂಜು, ಇಳಿದ ಮರುಗಳಿಗೆಗೆ ಹದ್ದಿನ ಕಣ್ಣು.

ನರಗುಂದಕ್ಕೆ ಹೋಗಿ ನೋಡಿ. 1980ರ ಜುಲೈ 21ರಂದು, ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ, ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರು ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಆ ಕಿಚ್ಚಿನಲ್ಲಿ ರೈತ ಸಂಘ ಹುಟ್ಟಿತು, 1983ರಲ್ಲಿ ಕಾಂಗ್ರೆಸ್ಸು ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಈಗ ಅಲ್ಲಿ ವೀರಗಲ್ಲಿದೆ. ಪ್ರತಿ ಜುಲೈ 21ಕ್ಕೆ ಬಿಳಿ ಕಾರುಗಳ ಸಾಲು, ಹಾರದ ಮೇಲೆ ಹಾರ. ಗುಂಡು ಹಾರಿದಾಗ ಆಳುತ್ತಿದ್ದ ಪಕ್ಷದವರೂ ಅಲ್ಲಿ ‘ರೈತರ ಬಲಿದಾನ ವ್ಯರ್ಥವಾಗಬಾರದು’ ಎನ್ನುತ್ತಾರೆ, ಆಮೇಲೆ ಬೇರೆ ಊರಲ್ಲಿ ಗುಂಡು ಹಾರಿದಾಗ ಆಳುತ್ತಿದ್ದವರೂ ಅದನ್ನೇ ಎನ್ನುತ್ತಾರೆ. ಕಲ್ಲಾದ್ದರಿಂದ ಅದು ಮರುಪ್ರಶ್ನೆ ಹಾಕುವುದಿಲ್ಲ. ರೈತ ಸತ್ತು ಹತ್ತಿಪ್ಪತ್ತು ವರ್ಷವಾದರೆ ಎಲ್ಲ ಪಕ್ಷಕ್ಕೂ ಬೇಕಾದವನಾಗುತ್ತಾನೆ. ತೊಂದರೆ ಇರುವುದು ಹೊಸದಾಗಿ ಸತ್ತವನದ್ದು.

ಅಂಥ ಹೊಸಬರು ಹಾವೇರಿಯಲ್ಲಿ ಸಿಕ್ಕರು. 2008ರ ಮೇ 30ರಂದು ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಹೋದರು. ಸರ್ಕಾರದ ಉತ್ತರ: ಗೊಬ್ಬರ ಕೊಡಬೇಕಾದದ್ದು ಕೇಂದ್ರ. ಗುಂಡು ಹಾವೇರಿಯಲ್ಲಿ ಹಾರಿದರೂ ತಪ್ಪು ದೆಹಲಿಯಲ್ಲಿತ್ತು! ನರಗುಂದದ ಹೆಸರನ್ನೇ ಕೇಳದವರಂತೆ ಕಾಂಗ್ರೆಸ್ಸಿನವರು ‘ರೈತ ವಿರೋಧಿ ಸರ್ಕಾರ’ ಎಂದು ಕೂಗಿದರು. ಕೂಗಿಗೆ ಬೇಕಾದ ಅಭ್ಯಾಸ ಎದುರಿನವರೇ ಮಾಡಿಸಿಕೊಟ್ಟಿದ್ದರು.

ಈ ಕಸುಬಿನ ನಯಗಾರಿಕೆ ನೋಡಬೇಕೆಂದರೆ ಹುಬ್ಬಳ್ಳಿಯನ್ನೂ ಮಂಗಳೂರನ್ನೂ ಪಕ್ಕಪಕ್ಕ ಇಡಿ. 1994ರ ಆಗಸ್ಟ್ 15, ಈದ್ಗಾ ಮೈದಾನ, ವೀರಪ್ಪ ಮೊಯಿಲಿಯವರ ಕಾಂಗ್ರೆಸ್ ಸರ್ಕಾರ. ನಿರ್ಬಂಧ ಮುರಿದು ಧ್ವಜ ಹಾರಿಸಲು ಹೊರಟ ಗುಂಪಿನ ಮೇಲೆ ಗುಂಡು ಹಾರಿ ಜನ ಸತ್ತರು. ಸರ್ಕಾರಕ್ಕೆ ಕಂಡದ್ದು ನಿಷೇಧಾಜ್ಞೆ, ಬಿಜೆಪಿಗೆ ಕಂಡದ್ದು ದೇಶಭಕ್ತಿ. 2019ರ ಡಿಸೆಂಬರ್ 19, ಮಂಗಳೂರು, ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆ, ಯಡಿಯೂರಪ್ಪನವರ ಬಿಜೆಪಿ ಸರ್ಕಾರ. ಗುಂಡಿಗೆ ಇಬ್ಬರು ಬಲಿ. ಈಗ ನಿಷೇಧಾಜ್ಞೆಯ ಪಾವಿತ್ರ್ಯ ಬಿಜೆಪಿಯ ಕಣ್ಣಿಗೆ ಬಿತ್ತು, ಪ್ರತಿಭಟಿಸುವ ಹಕ್ಕು ಕಾಂಗ್ರೆಸ್ಸಿನ ಕಣ್ಣಿಗೆ ಬಿತ್ತು. 144ನೇ ಸೆಕ್ಷನ್ ಇದ್ದಲ್ಲೇ ಇತ್ತು, ಓದುವವರು ಬದಲಾಗಿದ್ದರು.

ಮಂಗಳೂರಿನಲ್ಲಿ ಇನ್ನೊಂದು ಸೊಗಸಿದೆ. ಸತ್ತವರ ಕುಟುಂಬಗಳಿಗೆ ಮುಖ್ಯಮಂತ್ರಿಗಳು ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಸ್ವಪಕ್ಷದೊಳಗೇ ಗೊಣಗಾಟ. ಕೆಲವೇ ದಿನಕ್ಕೆ ಹೇಳಿಕೆ ತಿರುಗಿತು: ತನಿಖೆ ಮುಗಿಯಲಿ, ತಪ್ಪಿಲ್ಲವೆಂದು ಗೊತ್ತಾಗಲಿ, ಆಮೇಲೆ ನೋಡೋಣ. ಅಷ್ಟರಲ್ಲಿ ಪೊಲೀಸರ ಎಫ್‌ಐಆರ್‌ನಲ್ಲಿ ಸತ್ತವರಿಬ್ಬರೂ ಆರೋಪಿಗಳಾಗಿದ್ದರು. ಗುಂಡು ಹೊಡೆದವರಿಗೆ ತನಿಖೆ ಮುಗಿಯುವವರೆಗೆ ಸಂಶಯದ ಲಾಭ, ಗುಂಡು ತಿಂದವರಿಗೆ ತನಿಖೆ ಮುಗಿಯುವವರೆಗೆ ಬರೀ ಸಂಶಯ. ನಿರಪರಾಧಿ ಎಂದು ಸಾಬೀತು ಮಾಡಬೇಕಾದವರೋ, ಮಣ್ಣಾಗಿದ್ದರು.

ಆ ಹೊತ್ತಿಗೆ ಪೊಲೀಸರ ವಿರುದ್ಧ ಗಟ್ಟಿ ದನಿ ತೆಗೆದವರಲ್ಲಿ ಕುಮಾರಸ್ವಾಮಿಯವರು ಮುಂದಿದ್ದರು. 2020ರ ಜನವರಿಯಲ್ಲಿ ವಿಡಿಯೊ ತುಣುಕುಗಳನ್ನು ಪತ್ರಿಕಾಗೋಷ್ಠಿಯಲ್ಲಿ ತೋರಿಸಿ ಪೊಲೀಸರ ಕಥೆ ಸುಳ್ಳೆಂದರು. 2023ರಲ್ಲಿ ಅವರ ಪಕ್ಷ ಬಿಜೆಪಿಯ ಜೊತೆ ಸೇರಿತು, 2024ರಲ್ಲಿ ಅವರು ಕೇಂದ್ರ ಸಚಿವರಾದರು. ಆ ತುಣುಕುಗಳು ಈಗ ಯಾವ ಕಪಾಟಿನಲ್ಲಿವೆಯೋ, ಸಚಿವರ ಬಂಗಲೆಗೆ ಸಾಮಾನು ಸಾಗಿಸಿದವರನ್ನೇ ಕೇಳಬೇಕು.

ಕಾಂಗ್ರೆಸ್ಸಿನವರು ಈ ಸಾಲು ಓದಿ ಖುಷಿಪಡುವ ಮೊದಲು ಚನ್ನಗಿರಿಗೆ ಬನ್ನಿ. 2024ರ ಮೇ ತಿಂಗಳಲ್ಲಿ ಠಾಣೆಗೆ ಕರೆತಂದ ವ್ಯಕ್ತಿಯೊಬ್ಬ ತೀರಿಕೊಂಡ. ಸಿಐಡಿ ತನಿಖೆ ಮುಗಿಯುವ ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದು ಲಾಕಪ್ ಡೆತ್ ಅಲ್ಲ, ಮೂರ್ಛೆರೋಗ ಎಂದರು. ವಿರೋಧ ಪಕ್ಷದಲ್ಲಿದ್ದಾಗ ಅದೇ ಬಾಯಿ ಇಷ್ಟು ಬೇಗ ವೈದ್ಯವೃತ್ತಿಗೆ ಇಳಿಯುತ್ತಿತ್ತೇ? ಬಿಜೆಪಿಯವರಾದರೂ ಸತ್ತವನ ಪರ ನಿಂತರೇ ಎಂದರೆ, ಅವರ ಚಿಂತೆಯೆಲ್ಲ ಉದ್ರಿಕ್ತರು ಜಖಂ ಮಾಡಿದ ಠಾಣೆಯ ಬಗ್ಗೆ. ಠಾಣೆಯ ಮೇಲಿನ ದಾಳಿ ತಪ್ಪೇ. ಆದರೆ ಕಿಟಕಿ ಗಾಜಿಗೆ ಸಿಕ್ಕ ಸಂತಾಪ ಮನುಷ್ಯನಿಗೂ ಸಿಕ್ಕಬಹುದಿತ್ತು.

ನಾಯಕರನ್ನಷ್ಟೇ ಬೈದರೆ ನಮಗೆ ನಾವೇ ರಿಯಾಯಿತಿ ಕೊಟ್ಟುಕೊಂಡಂತೆ. ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಕೂತ ಯಜಮಾನರಿಗೆ ಹುಡುಗನೊಬ್ಬ ಹೇಳಿದ: ‘ಕಾಕಾ, ಎಲ್ಲೋ ಗೋಲಿಬಾರ್ ಆಗೇತಂತ.’ ‘ಯಾವ ರಾಜ್ಯದಾಗ?’ ‘ಯಾಕ್ರೀ?’ ‘ಸಿಟ್ಟ ಮಾಡ್ಕೋಬೇಕೋ ಬ್ಯಾಡೋ ಗೊತ್ತಾಗಬೇಕಲ್ಲೋ ತಮ್ಮಾ!’

ಪಕ್ಷಭೇದ ಮರೆತು ನಾವೆಲ್ಲ ಒಂದಾಗುವ ಸಂದರ್ಭವೂ ಇದೆ, ಅದರ ಹೆಸರು ಎನ್‌ಕೌಂಟರ್. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದಾಗ ಜನ ಪೊಲೀಸರ ಮೇಲೆ ಹೂಮಳೆಗರೆದರು. ಕಮಿಷನರ್ ಸಜ್ಜನರ ಹುಬ್ಬಳ್ಳಿಯವರೆಂದು ತಿಳಿದು ಕನ್ನಡಿಗರ ಎದೆ ಎರಡಿಂಚು ಉಬ್ಬಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪೂರ್ಕರ್ ಆಯೋಗ 2022ರಲ್ಲಿ ಹೇಳಿದ್ದು ಬೇರೆ: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು, ಸತ್ತವರಲ್ಲಿ ಮೂವರು ಅಪ್ರಾಪ್ತರು. ಆ ವರದಿಯ ದಿನ ಹೂ ಎರಚಿದ ಕೈಗಳೆಲ್ಲ ಬೇರೆ ಕೆಲಸದಲ್ಲಿದ್ದವು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲೇ ಪುಟ್ಟ ಹುಡುಗಿಯ ಕೊಲೆ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತಾಗ ಕಾಂಗ್ರೆಸ್ಸಿಗರೂ ಬಿಜೆಪಿಯವರೂ ಒಟ್ಟಾಗಿ ಶಹಬ್ಬಾಸ್ ಎಂದರು. ಕಾಣದ ಕೈಗಳ ಮಾತು ಎಲ್ಲೂ ಕೇಳಲಿಲ್ಲ, ಚಪ್ಪಾಳೆ ತಟ್ಟುವ ಕೈಗಳೇ ಅಷ್ಟಿದ್ದವು.

ಮೊದಲು ಎಚ್ಚರಿಕೆ, ಆಮೇಲೆ ಲಾಠಿ, ಅಶ್ರುವಾಯು, ಬೇರೆ ದಾರಿಯೇ ಇಲ್ಲದಾಗ ಗುಂಡು, ಅದೂ ಸೊಂಟದ ಕೆಳಗೆ ಎನ್ನುವುದು ಪೊಲೀಸರಿಗೆ ಕಲಿಸುವ ಪಾಠ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಯಾವ ಸರ್ಕಾರ, ಸತ್ತವನದು ಯಾವ ಜಾತಿ ಎಂದು ಕೇಳುವ ಮೊದಲು ಗುಂಡು ಸೊಂಟದ ಮೇಲೆ ಬಿತ್ತೋ ಕೆಳಗೆ ಬಿತ್ತೋ ಕೇಳಿ. ಉತ್ತರ ಸಿಕ್ಕುವವರೆಗೆ ಯಾರಿಗೂ ಹಾರ ಹಾಕಬೇಡಿ.